ಸೂಜಿ ನಿಲ್ಲುವ ತನಕ

ಸಿಟ್ಟು ನನಗೆ ಹುಟ್ಟಿನಿಂದಲೇ ಬಂದದ್ದು. ಧಾರವಾಡದಲ್ಲಿ ಡಿಪ್ಲೊಮಾ ಓದುವಾಗ ಇಡೀ ತರಗತಿಯಲ್ಲಿ ನಾವಿಬ್ಬರೇ ಹುಡುಗಿಯರು. ಯಾರಾದರೂ “ನಿಮಗ ಇದೆಲ್ಲಾ ತಿಳೀತದೇನು?” ಅಂದರೆ ಇನ್ನೊಬ್ಬಳು ಅಳುತ್ತಿದ್ದಳು, ನಾನು ಜಗಳಕ್ಕೆ ನಿಲ್ಲುತ್ತಿದ್ದೆ. ಮದುವೆಯಾಗಿ ಪುಣೆಗೆ ಬಂದ ಮೇಲೆ, ತೊಂಬತ್ತರ ದಶಕದ ನಡುವಿನಲ್ಲಿ, ಹತ್ತಿರದ ತಳೇಗಾಂವದ ಒಂದು ಗಾಜಿನ ಕಾರ್ಖಾನೆಯಲ್ಲಿ ನನಗೆ ಕೆಲಸ ಸಿಕ್ಕಿತು. ಅಲ್ಲಿ ನನ್ನ ಈ ಸಿಟ್ಟು ಒಬ್ಬ ಮುದುಕನ ನೌಕರಿಯನ್ನು ತಿಂದುಹಾಕುವುದರಲ್ಲಿತ್ತು. ಇಷ್ಟು ವರ್ಷ ಯಾರ ಮುಂದೆಯೂ ಪೂರ್ತಿ ಹೇಳಿಲ್ಲ.

ಕಾರ್ಖಾನೆಯಲ್ಲಿ ಔಷಧದ ಸೀಸೆಗಳು ತಯಾರಾಗುತ್ತಿದ್ದವು. ಮರಳು, ಸೋಡಾ, ಸುಣ್ಣದಕಲ್ಲು, ಒಡೆದ ಗಾಜು ಎಲ್ಲವನ್ನೂ ಕರಗಿಸುವ ಭಟ್ಟಿಯನ್ನು ಒಮ್ಮೆ ಹೊತ್ತಿಸಿದರೆ ವರ್ಷಗಟ್ಟಲೆ ಆರಿಸುವಂತಿಲ್ಲ. ಗಣಪತಿ ಹಬ್ಬಕ್ಕೂ ಇಲ್ಲ, ದೀಪಾವಳಿಗೂ ಇಲ್ಲ. ಆರಿಸಿದರೆ ಒಳಗಿನ ಗಾಜು ಹೆಪ್ಪುಗಟ್ಟಿ ಭಟ್ಟಿಯೇ ಹೋಯಿತು. ಹಗಲೂ ರಾತ್ರಿ ಒಂದೇ ಸಮನೆ ಉರಿಯುವ ಆ ಬೆಂಕಿಯ ಪಕ್ಕದ ಕೋಣೆಯಲ್ಲಿ, ಗೋಡೆಗೆ ಒಂದು ಕಬ್ಬಿಣದ ಪೆಟ್ಟಿಗೆ. ಅದರ ಗಾಜಿನ ಬಾಗಿಲೊಳಗೆ ಊಟದ ತಟ್ಟೆಯಷ್ಟು ಅಗಲದ ದುಂಡು ಕಾಗದ. ಇಪ್ಪತ್ತನಾಲ್ಕು ಗಂಟೆಗೆ ಒಂದು ಸುತ್ತು. ಕೆಂಪು ಪೆನ್ನು ಭಟ್ಟಿಯ ಕಾವನ್ನು ಗೀಚುತ್ತಿತ್ತು, ನೀಲಿ ಪೆನ್ನು ಭಟ್ಟಿಗೆ ಹೋಗುವ ಎಣ್ಣೆಯನ್ನು. ಗೀಚುವುದಷ್ಟೇ ಅಲ್ಲ, ಕಾವು ನೋಡಿಕೊಂಡು ಎಣ್ಣೆಯ ವಾಲ್ವನ್ನು ಹೆಚ್ಚುಕಡಿಮೆ ಮಾಡುತ್ತಿದ್ದದ್ದೂ ಅದೇ ಪೆಟ್ಟಿಗೆ.

ಬೆಳಿಗ್ಗೆ ಒಂಬತ್ತಕ್ಕೆ ಹಳೆಯ ಕಾಗದ ತೆಗೆದು ಹೊಸದು ಹಾಕುವುದು ನನ್ನ ಕೆಲಸ. ಆಮೇಲೆ ಮೇಜಿನ ಮುಂದೆ ಕೂತು ಹಿಂದಿನ ದಿನದ ಗೆರೆ ಓದಿ ರಜಿಸ್ಟರಿನಲ್ಲಿ ಬರೆಯುವುದು. ಕಾಗದ ಬದಲಿಸುವುದೆಂದರೆ ಕ್ಯಾಲೆಂಡರಿನ ಹಾಳೆ ಹರಿದಷ್ಟು ಸುಲಭವಲ್ಲ. ಮೊದಲು ಒಂದು ಹಿಡಿಕೆಯನ್ನು ‘ಆಟೊ’ದಿಂದ ‘ಹ್ಯಾಂಡ್’ಗೆ ತಿರುಗಿಸಬೇಕು. ಅಷ್ಟು ಹೊತ್ತು ವಾಲ್ವು ಪೆಟ್ಟಿಗೆಯ ಮಾತು ಕೇಳುವುದಿಲ್ಲ, ಬಿಟ್ಟಲ್ಲೇ ನಿಂತಿರುತ್ತದೆ. ಪೆನ್ನು ಎತ್ತಿ, ಕಾಗದ ಬದಲಿಸಿ, ಶಾಯಿ ತುಂಬಿ, ಆಮೇಲೆ ಕೆಳಗಿನ ಗುಂಡಿಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಕಾಯಬೇಕು. ಅಲ್ಲೊಂದು ಸಣ್ಣ ಸೂಜಿ ಇದೆ. ಅದು ಅತ್ತಿತ್ತ ತೂಗಾಡಿ ನಡುವಿನ ಗೆರೆಯ ಮೇಲೆ ನಿಂತಿತೆಂದರೆ, ಪೆಟ್ಟಿಗೆ ಕೇಳುತ್ತಿರುವ ಎಣ್ಣೆ, ವಾಲ್ವು ಬಿಡುತ್ತಿರುವ ಎಣ್ಣೆ ಎರಡೂ ಒಂದೇ ಎಂದು ಅರ್ಥ. ಆಗ ಹಿಡಿಕೆಯನ್ನು ಮತ್ತೆ ಆಟೊಕ್ಕೆ ತಂದು, ಕೊನೆಗೆ ಪೆನ್ನು ಇಳಿಸಬೇಕು. ಸೂಜಿ ನಿಲ್ಲಲು ಕೆಲವು ದಿನ ಹತ್ತು ನಿಮಿಷವೂ ಹಿಡಿಯುತ್ತಿತ್ತು.

ಮೊದಲ ಪಾಳಿಯಲ್ಲಿ ಭಟ್ಟಿ ನೋಡಿಕೊಳ್ಳುತ್ತಿದ್ದವರು ಒಬ್ಬ ಮುದುಕರು. ಸೋಲಾಪುರದ ಕಡೆಯವರು, ಮನೆಮಾತು ಕನ್ನಡ. ನಾನು ಕಾಕಾ ಅನ್ನುತ್ತಿದ್ದೆ. ಉಳಿದವರ ಪಾಳಿ ವಾರವಾರವೂ ಬದಲಾಗುತ್ತಿತ್ತು. ನಿವೃತ್ತಿಗೆ ಮೂರೇ ವರ್ಷ ಉಳಿದಿತ್ತೆಂದು ಇವರಿಗೆ ಮಾತ್ರ ಕಾಯಂ ಬೆಳಗಿನ ಪಾಳಿ. ನೀಲಿ ಗಾಜಿನ ತುಂಡೊಂದನ್ನು ಕಣ್ಣಿಗೆ ಹಿಡಿದು ಭಟ್ಟಿಯ ಕಿಂಡಿಯಿಂದ ಬೆಂಕಿ ನೋಡುವುದು, ಬೇಕೆನಿಸಿದರೆ ಎಣ್ಣೆಯ ಪೈಪಿನ ಮೇಲಿದ್ದ ಚಕ್ರವನ್ನು ಕೈಯಿಂದಲೇ ತಿರುಗಿಸುವುದು, ಹಾಗೆ ತಿರುಗಿಸಿದ್ದನ್ನು ತಪ್ಪದೆ ಪಾಳಿಯ ವಹಿಯಲ್ಲಿ ಬರೆದಿಡುವುದು ಅವರ ಪದ್ಧತಿ. ನನ್ನನ್ನು ಕಂಡ ದಿನದಿಂದ ಅವರಿಗೆ ಇನ್ನೊಂದು ಕೆಲಸ ಸೇರಿಕೊಂಡಿತು. ನಾನು ಪೆಟ್ಟಿಗೆ ತೆರೆದರೆ ಸಾಕು, ಭಟ್ಟಿಯ ಬಾಗಿಲಿನಿಂದಲೇ ಕೂಗುವರು.

“ಯವ್ವಾ, ಸೂಜಿ ನಿಂದರ್ಲಿ ತಡಿ.”

“ಗೊತ್ತದರೀ ಕಾಕಾ. ನನಗೂ ಕಲಿಸ್ಯಾರ.”

“ಗೊತ್ತಿದ್ರ ಚಲೋನ ಆತು. ಆದ್ರೂ ತಡಿ.”

ದಿನಾ ಇದೇ. ಒಂದು ದಿನ ತಪ್ಪಿದ್ದಿಲ್ಲ. ಒಮ್ಮೆ ನಮ್ಮ ಸಾಹೇಬರು ಮುಂಬಯಿಯಿಂದ ಬಂದ ಇಬ್ಬರನ್ನು ಕರೆದುಕೊಂಡು ಭಟ್ಟಿ ತೋರಿಸುತ್ತಿದ್ದಾಗಲೂ ಮುದುಕರು ಅದೇ ದನಿಯಲ್ಲಿ ಯವ್ವಾ ಅಂತ ಕೂಗಿದರು. ಬಂದವರು ತಿರುಗಿ ನೋಡಿ ನಕ್ಕರು. ನನಗೆ ಮೈಯೆಲ್ಲಾ ಉರಿದುಹೋಯಿತು. ಅವರು ಆ ಕಡೆ ಹೋಗುವುದನ್ನೇ ಕಾದು ಕಾಕಾನ ಹತ್ತಿರ ಹೋದೆ.

“ಕಾಕಾ, ಇಲ್ಲಿ ಯವ್ವಾ ಗಿವ್ವಾ ಅನಬ್ಯಾಡ್ರಿ. ಎಲ್ಲಾರೂ ಮ್ಯಾಡಮ್ ಅಂತಾರ, ನೀವೂ ಮ್ಯಾಡಮ್ ಅನ್ರಿ. ಮತ್ತ ಮಂದಿ ಮುಂದ ಮರಾಠಿ ಮಾತಾಡ್ರಿ.”

ಮುದುಕರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು. “ಹಂಗಾರ ಮ್ಯಾಡಮ್ಮವ್ವಾ ಅಂತೀನಿ ತಗೋ” ಎಂದು ಬೊಚ್ಚುಬಾಯಿ ಬಿಟ್ಟು ನಕ್ಕರು. ಮರುದಿನ ಒಂಬತ್ತಕ್ಕೆ ಮತ್ತೆ ಯವ್ವಾ, ಮತ್ತೆ ಸೂಜಿ.

ಆಗ ನಾವು ಪುಣೆಯ ಶಿವಾಜಿನಗರದಲ್ಲಿ, ಕೋರ್ಟಿನ ಹಿಂದಿನ ಓಣಿಯ ಎರಡು ಕೋಣೆಯ ಮನೆಯಲ್ಲಿದ್ದೆವು. ಗಂಡ ಕ್ಯಾಂಪ್ ಪೇಟೆಯಲ್ಲಿ ತಮ್ಮ ದೊಡ್ಡಪ್ಪನ ಬಟ್ಟೆ ಅಂಗಡಿಯಲ್ಲಿ ಕೂರುತ್ತಿದ್ದರು. ಜೊತೆಗೆ ನಮ್ಮ ಅತ್ತೆ. ನನ್ನ ನೌಕರಿ ಅತ್ತೆಗೆ ಕಣ್ಣಿನಲ್ಲಿ ಬಿದ್ದ ಕಸ. “ಕಾಯಂ ಮಾಡ್ತಾರೇನು ನೋಡೋಣು. ಮಾಡ್ಲಿಲ್ಲಂದ್ರ ಆತಲ್ಲ, ಮನಿ ಹಿಡಕೊಂಡು ಇರು” ಎಂದು ಮೊದಲೇ ತೀರ್ಪು ಕೊಟ್ಟಿದ್ದರು. ನಾನಿನ್ನೂ ಪ್ರೊಬೇಷನ್ನಿನಲ್ಲಿದ್ದೆ. ಆ ಎರಡು ಕೋಣೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಅತ್ತೆಯ ಎದುರು ಕೂರುವ ಚಿತ್ರ ಕಣ್ಣ ಮುಂದೆ ಬಂದರೆ ಉಸಿರು ಕಟ್ಟಿದಂತಾಗುತ್ತಿತ್ತು.

ಶಿವಾಜಿನಗರದಿಂದ ಲೋಕಲ್ ರೈಲು ಹಿಡಿದು ಹೋಗುತ್ತಿದ್ದೆ. ಹಿಂದಿನಿಂದ ಯಾವುದಾದರೂ ಎಕ್ಸ್‌ಪ್ರೆಸ್ ಬಂದರೆ ನಮ್ಮ ಗಾಡಿಯನ್ನು ದಾರಿಯಲ್ಲಿ ನಿಲ್ಲಿಸಿ ಅದನ್ನು ಬಿಡುತ್ತಿದ್ದರು. ಅಂಥ ದಿನ ನಾನು ಓಡುತ್ತ ಒಳಗೆ ಬರುವಷ್ಟರಲ್ಲಿ ಒಂಬತ್ತು ದಾಟಿರುತ್ತಿತ್ತು. ಕಾಗದ ಮಾತ್ರ ಎರಡೇ ನಿಮಿಷದಲ್ಲಿ ಬದಲಿಸಿಬಿಡುತ್ತಿದ್ದೆ. ಸೂಜಿ ನಡುವಿನ ಹತ್ತಿರ ಬಂದರೆ ಸಾಕು, ಹಿಡಿಕೆ ಆಟೊಕ್ಕೆ. “ಎಷ್ಟು ಚುರುಕು ನೋಡಿ ಇವಳ ಕೈ” ಎಂದು ಸಾಹೇಬರು ಒಂದು ಸಲ ಮರಾಠಿಯಲ್ಲಿ ಹೊಗಳಿದ್ದರು. ಮನೆಗೆ ಬಂದು ಅತ್ತೆಗೆ ಕೇಳುವ ಹಾಗೆ ಗಂಡನ ಹತ್ತಿರ ಅದನ್ನು ಹೇಳಿದೆ.

ಆ ವರ್ಷ ಸೀಸೆಗಳಲ್ಲಿ ಗುಳ್ಳೆ ಬರತೊಡಗಿತು. ಸಾಸಿವೆ ಕಾಳಿನಷ್ಟು ಸಣ್ಣ ಗಾಳಿಗುಳ್ಳೆ, ಗಾಜಿನೊಳಗೆ. ದಿನಾ ಅಲ್ಲ, ವಾರಕ್ಕೆ ಒಂದೆರಡು ದಿನ, ಮಧ್ಯಾಹ್ನ ಒಂದೂವರೆ ಎರಡರ ಸುಮಾರಿಗೆ ಸುರುವಾಗಿ ಸಂಜೆಗೆ ನಿಲ್ಲುವುದು. ಅಂಥ ಸೀಸೆಯನ್ನು ಔಷಧದವರು ತೆಗೆದುಕೊಳ್ಳುವುದಿಲ್ಲ. ಮೂರು ತಿಂಗಳ ದುಂಡು ಕಾಗದಗಳನ್ನೆಲ್ಲ ನನ್ನ ಮೇಜಿನ ಮೇಲೆ ಹಾಕಿ ಸಾಹೇಬರು ಅಂದರು: “ಗುಳ್ಳೆಗೆ ಮೊದಲು ಏನು ಬರುತ್ತದೆ, ಅದಕ್ಕೂ ಮೊದಲು ಏನು, ಹುಡುಕಿ ಕೊಡು. ನಿನ್ನ ಕಾಯಂ ಕಾಗದ ನನ್ನ ಡ್ರಾಯರಿನಲ್ಲೇ ಇದೆ.”

ನನಗೆ ರೆಕ್ಕೆ ಬಂದ ಹಾಗಾಯಿತು. ಎರಡು ವಾರ ತಲೆ ಎತ್ತಲಿಲ್ಲ. ಗೆರೆ ಎಂಬುದು ಸುಮ್ಮನೆ ಹರಿಯುತ್ತಲೇ ಇರುತ್ತದೆ; ಅದರಲ್ಲಿ ಯಾವ ಏರಿಳಿತ ಲೆಕ್ಕಕ್ಕೆ ಬರುವಂಥದ್ದು, ಯಾವುದು ಬರೀ ನಡುಕ, ಗೊತ್ತಾಗುವುದು ಕಷ್ಟ. ಒಂದು ಏರಿಳಿತ ಕಂಡಿತೆಂದರೆ ಅದರ ಹಿಂದೆ ಇನ್ನೊಂದು ಬಂತೇ, ಎಷ್ಟು ಹೊತ್ತಿಗೆ ಬಂತು, ಪ್ರತಿ ಸಲವೂ ಅದೇ ಕ್ರಮದಲ್ಲಿ ಬಂತೇ ಎಂದು ನೋಡಬೇಕು. ಕಾಗದಗಳನ್ನು ಗುಳ್ಳೆ ಬಂದ ದಿನ, ಬಾರದ ದಿನ ಎಂದು ಎರಡು ಗುಂಪು ಮಾಡಿಕೊಂಡೆ. ಪಾಳಿಯ ವಹಿಯನ್ನು ಪಕ್ಕದಲ್ಲಿಟ್ಟುಕೊಂಡೆ. ಕೊನೆಗೆ ಸಿಕ್ಕಿತು. ಒಂಬತ್ತೂಕಾಲಿನ ಹೊತ್ತಿಗೆ ಕಾಕಾ ಚಕ್ರಕ್ಕೆ ಕೈ ಹಾಕಿದ್ದಾರೆ. ಕೂಡಲೇ ನೀಲಿ ಗೆರೆ ಇಳಿದಿದೆ. ಸ್ವಲ್ಪ ಹೊತ್ತಿಗೆ ಕೆಂಪು ಗೆರೆ ಹಾವಿನ ಹಾಗೆ ಹೊರಳಿದೆ. ನಾಲ್ಕೈದು ಗಂಟೆಗೆ ಗುಳ್ಳೆ. ಗುಳ್ಳೆ ಬಂದ ಪ್ರತಿ ದಿನವೂ ಇದೇ ಕ್ರಮ. ಭಾನುವಾರ ಕಾಕಾಗೆ ವಾರದ ರಜೆ, ಭಾನುವಾರ ಒಮ್ಮೆಯೂ ಗುಳ್ಳೆಯಿಲ್ಲ. ಇನ್ನೇನು ಬೇಕು?

ಒಂದೇ ಒಂದು ದಿನ ಕೂಡಿಬರಲಿಲ್ಲ. ಕಾಕಾ ಯಾರದೋ ಮದುವೆಗೆಂದು ರಜೆ ಹಾಕಿದ್ದ ಗುರುವಾರ, ಆ ದಿನವೂ ಗುಳ್ಳೆ ಬಂದಿತ್ತು. ಅದನ್ನು ವರದಿಯ ಕೊನೆಯಲ್ಲಿ ‘ಒಂದು ಅಪವಾದ’ ಎಂದು ಸಣ್ಣಕ್ಷರದಲ್ಲಿ ಬರೆದು ಮುಗಿಸಿದೆ. ಬರೆಯುವಾಗ ಮನಸ್ಸಿನಲ್ಲಿ ಏನಿತ್ತೆಂದು ಹೇಳಿಯೇಬಿಡುತ್ತೇನೆ. ನನಗೆ ಖುಷಿಯಾಗಿತ್ತು. ದಿನಾ ನನಗೆ ಪಾಠ ಹೇಳುತ್ತಿದ್ದಿಯಲ್ಲ ಮುದುಕಾ, ಈಗ ನೋಡು ಅಂತ ಅನಿಸಿತ್ತು.

ಸಾಹೇಬರು ಶಾಬಾಸ್ ಅಂದರು. ಅವರು ಕಾಕಾನನ್ನು ಕರೆದು ಕೇಳುವಾಗ ನಾನು ಹೊರಗಿನ ಮೇಜಿನಲ್ಲೇ ಇದ್ದೆ. ಚಕ್ರ ತಿರುಗಿಸಿದ್ದು ಹೌದೇ ಅಂದರೆ ಹೌದು ಅಂದರು. ಯಾಕೆ ಅಂದದ್ದಕ್ಕೆ, “ಬೆಂಕಿ ಜಿಗಿದಿತ್ತು, ಹಿಡಿದೆ” ಎಂದು ಮರಾಠಿಯಲ್ಲಿ ಎರಡೇ ಮಾತು. ಬೆಂಕಿ ಯಾಕೆ ಜಿಗಿಯಿತೆಂದು ಸಾಹೇಬರು ಕೇಳಲಿಲ್ಲ, ನನಗೂ ಕೇಳಬೇಕೆಂದು ತೋಚಲಿಲ್ಲ. ಶನಿವಾರ ಅವರನ್ನು ಭಟ್ಟಿಯಿಂದ ತೆಗೆದು, ವಿಚಾರಣೆಯವರೆಗೆ ದಿನವೂ ಬಂದು ಸಹಿ ಹಾಕಿ ಗೇಟಿನ ಹತ್ತಿರದ ಬೆಂಚಿನ ಮೇಲೆ ಕೂರಬೇಕೆಂದು ಕಾಗದ ಕೊಟ್ಟರು. ಗುರುವಾರ ವಿಚಾರಣೆ. ತಪ್ಪು ಸಾಬೀತಾದರೆ ಕೆಲಸದಿಂದ ವಜಾ; ಮೂವತ್ತು ವರ್ಷದ ನೌಕರಿ ಅಲ್ಲಿಗೆ ಮುಗಿಯಿತು.

ಯೂನಿಯನ್ನಿನವರು ಸುಮ್ಮನಿರುವುದಿಲ್ಲ, ಅವರಿಗೂ ಕಾಣುವ ಹಾಗೆ ದೊಡ್ಡ ಚಿತ್ರ ಬರೆದುಕೊಂಡು ಬಾ ಎಂದು ಸಾಹೇಬರು ನನಗೆ ಹೇಳಿದರು. ದುಂಡು ಕಾಗದವನ್ನು ಮಂದಿಗೆ ತೋರಿಸಿದರೆ ಏನೂ ತಿಳಿಯುವುದಿಲ್ಲ. ಅದನ್ನು ಬಿಚ್ಚಿ ಉದ್ದಕ್ಕೆ ಗೀಚಬೇಕು, ಒಂದು ದಿನದ ಮುಂದೆ ಇನ್ನೊಂದು ದಿನ. ಗಂಡ ಅಂಗಡಿಯಿಂದ ಬಟ್ಟೆ ಕಟ್ಟುವ ಕಂದು ಕಾಗದದ ಸುರುಳಿ ತಂದುಕೊಟ್ಟರು. ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಅಡುಗೆಮನೆಯ ಹೊಸ್ತಿಲಿನಿಂದ ಮುಂಬಾಗಿಲಿನವರೆಗೆ ಸುರುಳಿ ಹಾಸಿದೆವು. ಗಂಡ ಒಂದು ತುದಿಗೆ ಒಳ್ಳುಕಲ್ಲಿನ ಗುಂಡು ಇಟ್ಟು, ಇನ್ನೊಂದು ತುದಿ ಹಿಡಿದು ಕೂತರು. ಅತ್ತೆ ಕಾಗದ ದಾಟುವಾಗಲೆಲ್ಲ ಸೀರೆ ಎತ್ತಿ, “ಎಲ್ಲಿ ಕಾಲಿಡಬೇಕೋ ಏನೋ ಈ ಮನ್ಯಾಗ” ಎನ್ನುತ್ತಿದ್ದರು.

ಹತ್ತು ದಿನದ ಗೆರೆ ಎಳೆಯುವಷ್ಟರಲ್ಲೇ ನನ್ನ ಪೆನ್ಸಿಲ್ಲು ನಿಂತಿತು.

ದುಂಡು ಕಾಗದದ ಮೋಸ ಏನೆಂದರೆ, ಅದರಲ್ಲಿ ದಿನದ ಕೊನೆ ಅದೇ ದಿನದ ಮೊದಲಿಗೆ ಬಂದು ಕೂಡಿಕೊಳ್ಳುತ್ತದೆ. ಸುತ್ತು ಪೂರ್ತಿಯಾದಂತೆ ಕಾಣುತ್ತದೆ. ಆದರೆ ಕಾಲ ಹಾಗೆ ನಡೆಯುವುದಿಲ್ಲವಲ್ಲ. ನಿನ್ನೆಯ ಕೊನೆ ಕೂಡಬೇಕಾದದ್ದು ಇವತ್ತಿನ ಮೊದಲಿಗೆ, ಅದು ಇರುವುದು ಬೇರೆ ಕಾಗದದಲ್ಲಿ. ಉದ್ದಕ್ಕೆ ಹಾಸಿದಾಗ ಪ್ರತಿ ದಿನ ಒಂಬತ್ತು ಗಂಟೆಯ ಹತ್ತಿರ ಒಂದು ಖಾಲಿ ಜಾಗ ಕಂಡಿತು. ಪೆನ್ನು ಎತ್ತಿದ್ದ ಹೊತ್ತು ಅದು, ನಾನು ಕಾಗದ ಬದಲಿಸುತ್ತಿದ್ದ ಹೊತ್ತು. ಕೆಲವು ದಿನ ಆ ಖಾಲಿ ಬೆರಳಗಲ ಇತ್ತು. ಕೆಲವು ದಿನ ಉಗುರಿನಷ್ಟೂ ಇಲ್ಲ. ಖಾಲಿ ಅಗಲವಾಗಿದ್ದ ದಿನ ನೀಲಿ ಗೆರೆ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿದಿತ್ತು. ಖಾಲಿ ಕಿರಿದಾಗಿದ್ದ ದಿನ ಈಚೆ ಬದಿ ನೀಲಿ ಗೆರೆ ಗೇಣು ಮೇಲೆ ಹಾರಿ ಕೂತಿತ್ತು. ಅದಾದ ಮೇಲೆ ಕಾಕಾನ ಕೈ, ಅದನ್ನು ಕೆಳಗೆ ಎಳೆದದ್ದು. ಅದಾದ ಮೇಲೆ ಕೆಂಪು ಹೊರಳಾಟ, ಅದಾದ ಮೇಲೆ ಗುಳ್ಳೆ.

ಬೆಂಕಿ ಜಿಗಿದಿತ್ತು, ಹಿಡಿದೆ. ಮುದುಕರು ಹೇಳಿದ್ದು ಅಕ್ಷರಶಃ ನಿಜ. ಜಿಗಿಸಿದವಳು ನಾನು. ಸೂಜಿ ನಿಲ್ಲುವ ಮೊದಲೇ ಹಿಡಿಕೆ ತಿರುಗಿಸಿದಾಗ ವಾಲ್ವು ಒಮ್ಮೆಲೇ ಬಾಯಿ ಬಿಡುತ್ತಿತ್ತು, ಅವರು ಓಡಿಹೋಗಿ ಚಕ್ರ ಹಿಡಿಯುತ್ತಿದ್ದರು. ಕೈ ಹಾಕಿದೆ ಎಂದು ಪ್ರಾಮಾಣಿಕವಾಗಿ ಬರೆದೂ ಇಡುತ್ತಿದ್ದರು. ಕ್ರಮದ ಮೊದಲ ಮೆಟ್ಟಿಲನ್ನು ನಾನು ಬಿಟ್ಟಿದ್ದೆ, ಯಾಕೆಂದರೆ ಆ ಮೆಟ್ಟಿಲಿನ ಮೇಲೆ ನಾನೇ ನಿಂತಿದ್ದೆ.

ಇನ್ನೂ ಬೇರೆ ಏನಾದರೂ ಇರಬಹುದೆಂದು ನನ್ನ ಡೈರಿ ತೆಗೆದು ನೋಡಿದೆ. ಲೋಕಲ್ ತಡವಾದ ದಿನಗಳನ್ನು ಸಿಟ್ಟಿನಿಂದ ಗುರುತು ಹಾಕಿಡುವ ಚಾಳಿ ನನಗೆ. ಗುಳ್ಳೆ ಬಂದ ದಿನ, ಗಾಡಿ ತಡವಾದ ದಿನ, ಒಂದಕ್ಕೊಂದು ತಪ್ಪದೆ ಕೂಡಿದವು. ಆ ಮದುವೆಯ ಗುರುವಾರವೂ ಕೂಡಿತು. ಭಾನುವಾರ ಕಾಕಾಗೆ ಮಾತ್ರವಲ್ಲ, ನನಗೂ ರಜೆ; ಆ ದಿನ ಕಾಗದ ಬದಲಿಸುವವರು ಬೇರೆ. ಅಯ್ಯೋ, ಇಷ್ಟು ದೊಡ್ಡದು ಕಣ್ಣ ಮುಂದೆ ಇದ್ದದ್ದು ಹೇಗೆ ಕಾಣಲಿಲ್ಲ!

ಎಷ್ಟೋ ವರ್ಷ ಕಳೆದು, ಎರಡು ಸಾವಿರದ ಈಚೆಗೆ, ನಮ್ಮಲ್ಲಿ ಕಂಪ್ಯೂಟರ್ ಬಂತು. ಒಂದೇ ಸಮನೆ ಹರಿದು ಬರುವ ಅಂಕಿಗಳಲ್ಲಿ ಒಂದರ ಬೆನ್ನಿಗೊಂದು ಬರುವ ಕ್ರಮವನ್ನು ಇದು ತಾನೇ ಹುಡುಕುತ್ತದೆ ಮೇಡಮ್ ಎಂದು ಬೆಂಗಳೂರಿನ ಕನ್ನಡದಲ್ಲಿ ಒಬ್ಬ ಹುಡುಗ ನನಗೆ ವಿವರಿಸಿದ. ಕಾವು, ಎಣ್ಣೆ, ಗಾಳಿ ಎಲ್ಲಕ್ಕೂ ಒಂದೊಂದು ಕಾಲಮ್ಮು ಮಾಡಿದ್ದ. ಮುಟ್ಟಿದವರು ಯಾರು, ಯಾವಾಗ ಮುಟ್ಟಿದರು ಎಂಬುದಕ್ಕೆ ಕಾಲಮ್ಮು ಎಲ್ಲಿದೆ ಎಂದು ಕೇಳಿದೆ. ಅದು ಡೇಟಾ ಅಲ್ಲವಲ್ಲ ಮೇಡಮ್ ಅಂದ. ಅವನೊಡನೆ ನಾನು ಎಷ್ಟು ಜಗಳ ಆಡಿದೆನೆಂದರೆ, ಕೊನೆಗೆ ಸಾಕಾಗಿ ಕಾಲಮ್ಮು ಹಾಕಿಕೊಟ್ಟ.

ಆ ಭಾನುವಾರಕ್ಕೆ ಬರುತ್ತೇನೆ. ಗಂಡನಿಗೆ ಎಲ್ಲ ಹೇಳಿದೆ. ಅವರು ಬಹಳ ಹೊತ್ತು ಕಾಗದ ನೋಡಿದರು.

“ಇದು ಬ್ಯಾರೆ ಯಾರಿಗರೆ ಗೊತ್ತದ ಏನು?”

“ಇಲ್ಲ.”

“ಹಂಗಾರ ಸ್ವಲ್ಪ ತಡಿ. ಗುರುವಾರತನಕ ಟೈಮ್ ಅದ. ನೋಡೋಣು.”

ಸುರುಳಿ ಸುತ್ತಿ ಕಪಾಟಿನ ಮೇಲಿಟ್ಟರು. ನಾನು ಬೇಡ ಅನ್ನಲಿಲ್ಲ. ಒಳ್ಳೆಯ ಮನುಷ್ಯ, ನನಗಾಗಿಯೇ ಹೇಳಿದ್ದು. ಆದರೂ ಆ ಕಪಾಟು ನನ್ನ ತಲೆಯ ಮೇಲೇ ಇದ್ದಂತಾಯಿತು. ಹೇಳಿದರೆ ನನ್ನ ನೌಕರಿ ಹೋಗುತ್ತದೆ, ಆ ಎರಡು ಕೋಣೆ ಬಾಯಿ ತೆರೆದು ಕಾದಿವೆ. ಹೇಳದಿದ್ದರೆ ಮುದುಕರು ಹೋಗುತ್ತಾರೆ. ಎತ್ತ ತಿರುಗಿದರೂ ಗೋಡೆ.

ಸೋಮವಾರ ಗೇಟಿನ ಒಳಗೆ ಕಾಲಿಟ್ಟರೆ ಕಾಕಾ ಬೆಂಚಿನ ಮೇಲೆ. ಭಟ್ಟಿಯ ಮುಂದೆ ಸದಾ ಬೆವರುತ್ತಿದ್ದ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದರು. ನನ್ನ ವರದಿಯ ಮೇಲೇ ಇದೆಲ್ಲ ಆಗಿದ್ದೆಂದು ಅವರಿಗೆ ಗೊತ್ತಿತ್ತು. ನಾನು ತಲೆ ತಗ್ಗಿಸಿ ದಾಟಿಹೋಗುತ್ತಿದ್ದರೆ ಅವರೇ ಮಾತಾಡಿಸಿದರು.

“ಇವತ್ತ ಗಾಡಿ ಟೈಮಿಗೆ ಬಂತೇನ ಯವ್ವಾ?”

“ಬಂತ್ರಿ” ಎಂದೆ. ಒಳಗೆ ನಡೆದುಬಿಟ್ಟೆ.

ಆ ದಿನ ಪೆಟ್ಟಿಗೆಯ ಮುಂದೆ ಹನ್ನೆರಡು ನಿಮಿಷ ನಿಂತೆ. ಸೂಜಿ ನಿಂತ ಮೇಲೂ ಇನ್ನೊಂದು ನಿಮಿಷ ಕಾದು ಹಿಡಿಕೆ ತಿರುಗಿಸಿದೆ. ಮಧ್ಯಾಹ್ನ ಒಂದು ಗುಳ್ಳೆಯೂ ಬರಲಿಲ್ಲ. ಮಂಗಳವಾರ ಗಾಡಿ ತಡವಾಯಿತು, ಆದರೂ ಕಾದೆ. ಅಂದೂ ಗಾಜು ಹೊಳೆಯಿತು. ಸಾಹೇಬರು ನನ್ನ ಮೇಜಿಗೇ ಬಂದು, “ನೋಡಿದಿಯಾ? ಮುದುಕ ಹೋದ, ಗುಳ್ಳೆಯೂ ಹೋಯಿತು. ಇದನ್ನೂ ನಿನ್ನ ಚಿತ್ರದಲ್ಲಿ ಸೇರಿಸು” ಅಂದರು. ಥೂ, ಎಂಥ ಬಲೆ ಇದು! ನನ್ನ ಕೈ ಸರಿಯಾಗಿ ಕೆಲಸ ಮಾಡಿದಷ್ಟೂ ಅವರ ಕುತ್ತಿಗೆಯ ಉರುಳು ಬಿಗಿಯುತ್ತಿತ್ತು. ಬುಧವಾರ ಬೆಳಿಗ್ಗೆ ನನಗೊಂದು ಕೆಟ್ಟ ಯೋಚನೆ ಬಂತು. ಬೇಕೆಂದೇ ಸೂಜಿ ನಿಲ್ಲುವ ಮೊದಲು ತಿರುಗಿಸಿಬಿಟ್ಟರೆ? ಗುಳ್ಳೆ ಬರುತ್ತದೆ, ಕಾಕಾ ಭಟ್ಟಿಯಲ್ಲಿಲ್ಲ, ಅವರು ಪಾರಾಗುತ್ತಾರೆ, ನನ್ನ ಹೆಸರೂ ಬರುವುದಿಲ್ಲ. ಹಿಡಿಕೆಯ ಮೇಲೆ ಕೈಯಿಟ್ಟು ನಿಂತೆ. ಭಟ್ಟಿಯ ಬಾಗಿಲಿನಿಂದ ಯಾರೂ ಕೂಗಲಿಲ್ಲ. ಸೂಜಿ ನಿಂತಿತು. ನಿಂತ ಮೇಲೆ ತಿರುಗಿಸಿ ಬಂದುಬಿಟ್ಟೆ.

ಬೆಂಚಿನ ಮೇಲಿನಿಂದ ಅವರು ಮೂರು ದಿನವೂ ನನ್ನನ್ನು ಕೇಳಿದ್ದು ಅದೊಂದೇ ಮಾತು, ಗಾಡಿ ಟೈಮಿಗೆ ಬಂತೇನ ಅಂತ. ಮೂರು ದಿನವೂ ನಾನು ಹೇಳಿದ್ದು ಬಂತ್ರಿ ಅಂತ. ತಡವಾದ ಮಂಗಳವಾರವೂ ಅದನ್ನೇ ಹೇಳಿದೆ.

ಗುರುವಾರ ಬೆಳಿಗ್ಗೆ ಡಬ್ಬಿ ಚೀಲಕ್ಕೆ ಹಾಕಿಕೊಂಡು ಬಾಗಿಲಿಗೆ ಬಂದೆ. ಕಪಾಟಿನ ಕಡೆ ನೋಡಲಿಲ್ಲ. ಹಿಂದಿನಿಂದ ಅತ್ತೆಯ ದನಿ.

“ಆ ಸುರಳಿ ಒಯ್ಯೂದಿಲ್ಲೇನು?”

ತಿರುಗಿದರೆ ಸುರುಳಿ ಆಗಲೇ ಅವರ ಕೈಯಲ್ಲಿತ್ತು. ಅದೂ ಧೂಳು ಒರೆಸಿದ್ದು. ಭಾನುವಾರ ನಾವು ಮಾತಾಡಿದ್ದನ್ನೆಲ್ಲ ಅಡುಗೆಮನೆಯಿಂದ ಕೇಳಿಸಿಕೊಂಡಿದ್ದರು. ಮುದುಕನ ನೌಕರಿ ಉಳಿಯಲಿ ಅಂತ ಕೊಟ್ಟರೋ, ನನ್ನದು ಹೋಗಲಿ ಅಂತ ಕೊಟ್ಟರೋ, ಅವರು ಸಾಯುವವರೆಗೂ ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ. ಸುರುಳಿಯನ್ನು ಬಗಲಲ್ಲಿ ಇಟ್ಟುಕೊಂಡು ಲೋಕಲ್ ಹತ್ತಿದೆ.

ವಿಚಾರಣೆ ಸಾಹೇಬರ ಕೋಣೆಯಲ್ಲಿ. ಸಾಹೇಬರು, ಯೂನಿಯನ್ನಿನ ಮುಖಂಡರು, ಗೋಡೆಯ ಹತ್ತಿರ ಕುರ್ಚಿಯ ತುದಿಯಲ್ಲಿ ಕಾಕಾ. ನನ್ನನ್ನು ಕರೆದರು. ಮೇಜಿನ ಮೇಲೆ ಸುರುಳಿ ಬಿಡಿಸಿದೆ. ಅದು ಮೇಜು ದಾಟಿ ನೆಲಕ್ಕೆ ಬಿದ್ದು ಕಾಕಾನ ಕಾಲಿನವರೆಗೆ ಉರುಳಿತು. ಮನೆಯಿಂದ ಏನೇನೋ ಬಾಯಿಪಾಠ ಮಾಡಿಕೊಂಡು ಬಂದಿದ್ದೆ, ಒಂದೂ ನೆನಪಾಗಲಿಲ್ಲ. ಖಾಲಿ ಜಾಗದ ಮೇಲೆ ಬೆರಳಿಟ್ಟು, “ಇಲ್ಲಿ ನಾನಿದ್ದೇನೆ” ಎಂದೆ. ಆಮೇಲೆ ಒಂದೊಂದೇ ದಿನ ತೋರಿಸಿದೆ. ಗಾಡಿ ತಡ, ಕಿರಿದಾದ ಖಾಲಿ, ಹಾರಿದ ನೀಲಿ, ಆಮೇಲೆ ಅವರ ಕೈ. ಅವರು ಕೆಡಿಸಿದವರಲ್ಲ, ನಾನು ಕೆಡಿಸಿದ್ದನ್ನು ಹಿಡಿದವರು ಎಂದೆ. ಯೂನಿಯನ್ನಿನವರು ಕುರ್ಚಿ ಬಿಟ್ಟು ಎದ್ದು ಬಂದು ನೋಡಿದರು.

ಸಾಹೇಬರು ಕಾಕಾನನ್ನು ಕೇಳಿದರು: “ನಿಮಗಿದು ಗೊತ್ತಿತ್ತೇ?”

“ಗ್ವತ್ತಿತ್ರಿ” ಎಂದು ಮರಾಠಿ ಮರೆತು ಕನ್ನಡದಲ್ಲೇ ಅಂದುಬಿಟ್ಟು, ಆಮೇಲೆ ಮರಾಠಿಗೆ ಬಂದರು. “ದಿನಾ ಹೇಳುತ್ತಿದ್ದೆ ಇವಳಿಗೆ. ಹುಡುಗಿ, ಕಲಿಯುತ್ತಾಳೆ ಅಂದುಕೊಂಡೆ. ಇವಳ ಮೇಲೆ ನಿಮಗೆ ದೂರು ಹೇಳುವುದೇ? ನಮ್ಮ ಕಡೆಯ ಹುಡುಗಿ.” ಹೇಳುವಾಗ ನನ್ನ ಕಡೆ ನೋಡಿ ಸ್ವಲ್ಪ ನಕ್ಕರು ಕೂಡ. ಅಷ್ಟು ದಿನದಲ್ಲಿ ಮೊದಲ ಸಲ ನನಗೆ ಉಸಿರಾಡಿದಂತಾಯಿತು.

ಆಗ ಸಾಹೇಬರು ನನ್ನನ್ನು ಕೇಳಿದರು: “ನಿನಗೆ ಇದು ಯಾವಾಗ ಗೊತ್ತಾಯಿತು?”

ನಿನ್ನೆ ರಾತ್ರಿ ಅನ್ನಬಹುದಿತ್ತು. ಯಾರು ನೋಡಿದ್ದರು? ಸುಳ್ಳು ಹೇಳಿ ಹೇಳಿ ಸಾಕಾಗಿತ್ತು.

“ಭಾನುವಾರ” ಎಂದೆ.

ಕಾಕಾ ತಲೆಯೆತ್ತಿದರು. ಅವರ ಮುಖದ ಮೇಲಿದ್ದ ನಗು ಹಾಗೇ ಇತ್ತು, ಕಣ್ಣು ಮಾತ್ರ ಲೆಕ್ಕ ಹಾಕುತ್ತಿತ್ತು: ಸೋಮವಾರ, ಮಂಗಳವಾರ, ಬುಧವಾರ. ಗಾಡಿ ಟೈಮಿಗೆ ಬಂತೇನ ಯವ್ವಾ, ಬಂತ್ರಿ. ಆಮೇಲೆ ನಗುವೂ ಹೋಯಿತು. ಬಗ್ಗಿ ಕಾಲಿನ ಹತ್ತಿರ ಬಿದ್ದಿದ್ದ ಕಾಗದದ ತುದಿಯನ್ನು ಎತ್ತಿ ಮೇಜಿನ ಮೇಲಿಟ್ಟರು.

ಅವರ ನೌಕರಿ ಉಳಿಯಿತು. ನನ್ನದೂ ಹೋಗಲಿಲ್ಲ, ಕಾಯಂ ಮಾಡುವುದನ್ನು ಒಂದು ವರ್ಷ ಮುಂದೆ ಹಾಕಿ, ಒಂದು ಖಾರದ ಕಾಗದ ಕೊಟ್ಟರು. ಜೊತೆಗೆ ಹೊಸ ನಿಯಮ ಬಂತು: ಕಾಗದ ಬದಲಿಸುವಾಗ ಭಟ್ಟಿಯವರೊಬ್ಬರು ಪಕ್ಕದಲ್ಲಿ ನಿಂತು ಸಹಿ ಹಾಕಬೇಕು. ಬೆಳಗಿನ ಪಾಳಿಯಲ್ಲಿ ಭಟ್ಟಿಯವರೆಂದರೆ ಕಾಕಾ.

ಮರುದಿನ ಒಂಬತ್ತಕ್ಕೆ ಬಂದು ನಿಂತರು. ನಾನು ಪೆಟ್ಟಿಗೆ ತೆರೆದು ಕಾದೆ, ಸೂಜಿಗಾಗಿ ಅಲ್ಲ, ಅವರ ಮಾತಿಗಾಗಿ. ಬರಲಿಲ್ಲ. ಸೂಜಿ ನಿಂತ ಮೇಲೆ ಹಿಡಿಕೆ ತಿರುಗಿಸಿದೆ. ಅವರು ಸಹಿ ಹಾಕಲು ಪೆನ್ನಿಗೆ ಕೈ ಚಾಚಿ, “ಝಾಲಂ ಕಾ, ಮ್ಯಾಡಮ್?” ಎಂದರು. ಆಯಿತೇ ಮೇಡಮ್, ಅಂತ. ಅಂದಿನಿಂದ ನನ್ನೊಡನೆ ಕನ್ನಡ ಆಡಲಿಲ್ಲ. ಒರಟಾಗಿಯೂ ಆಡಲಿಲ್ಲ. ನಾನು ಹಿಂದೆ ಏನು ಕೇಳಿದ್ದೆನೋ ಅದನ್ನೇ ಕೊಟ್ಟರು, ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ನಾನು ಕಾಕಾ ಅಂತಲೇ ಅನ್ನುತ್ತಿದ್ದೆ, ಸಂಕ್ರಾಂತಿಗೆ ಎಳ್ಳುಬೆಲ್ಲ ಕೊಟ್ಟೆ, ಮೊಮ್ಮಗಳು ಹುಟ್ಟಿದಾಗ ಕುಂಚಿಗೆ ಹೊಲಿದು ಕೊಟ್ಟೆ. ಎರಡೂ ಕೈಯಿಂದ ತೆಗೆದುಕೊಂಡು ಧನ್ಯವಾದ ಮೇಡಮ್ ಅಂದರು. ಭಾನುವಾರ ಬಿಟ್ಟು ದಿನಾ ಒಂಬತ್ತಕ್ಕೆ ಒಂದು ಮೊಳ ಜಾಗದಲ್ಲಿ ಇಬ್ಬರೂ ಪಕ್ಕಪಕ್ಕ ನಿಲ್ಲಬೇಕು. ಎರಡು ವರ್ಷ ನಿಂತೆವು. ಬೈದಿದ್ದರೆ ಕಾಲು ಹಿಡಿಯುತ್ತಿದ್ದೆ.

ಅವರ ನೌಕರಿಯ ಕೊನೆಯ ದಿನವೂ ಒಂಬತ್ತಾಯಿತು. ಸಂಜೆ ಹಾರ, ಭಾಷಣ ಎಲ್ಲ ಇತ್ತು, ಆದರೆ ನನಗೆ ಉಳಿದಿದ್ದದ್ದು ಆ ಹತ್ತು ನಿಮಿಷ ಮಾತ್ರ. ಕಾಗದ ಬದಲಿಸಿದೆ, ಶಾಯಿ ತುಂಬಿದೆ. ಸೂಜಿ ಇನ್ನೂ ಜೋರಾಗಿ ತೂಗಾಡುತ್ತಿತ್ತು. ನಾನು ಬೇಕೆಂದೇ ಹಿಡಿಕೆಯ ಮೇಲೆ ಕೈಯಿಟ್ಟೆ, ತಿರುಗಿಸುವವಳ ಹಾಗೆ. ಅವರ ಕಡೆ ನೋಡಲಿಲ್ಲ. ಒಂದು ಸಲ ಕೂಗಲಿ, ಇಡೀ ಕಾರ್ಖಾನೆಗೆ ಕೇಳುವ ಹಾಗೆ ಕೂಗಲಿ ಅಂತ ಮನಸ್ಸು ಬೇಡುತ್ತಿತ್ತು.

“ಮ್ಯಾಡಮ್,” ಅಂದರು ಮೆಲ್ಲಗೆ, “ಸುಈ ಥಾಂಬೂ ದ್ಯಾ.”

ಅದೇ ಮಾತು. ಸೂಜಿ ನಿಲ್ಲಲಿ ತಡೆಯಿರಿ, ಅಂತ. ನಾನು ಕಲಿಸಿಕೊಟ್ಟ ಹಾಗೆ, ಮರಾಠಿಯಲ್ಲಿ, ಮರ್ಯಾದೆಯಿಂದ.

ಕೈ ತೆಗೆದು ಕಾದೆ. ಕಣ್ಣು ತುಂಬಿ ಸೂಜಿಯೇ ಕಾಣದಾಯಿತು. ಅದು ನಿಂತಿತೆಂದು ಅವರೇ ಹೇಳಬೇಕಾಯಿತು.